ನಮ್ಮ ಮರಿಗಳಿಗೆ ಅನಾನಸ್ ವಾಸನೆ ಹತ್ತಿಸಿದವರಿಗೆ

ಮಾನ್ಯರೇ,

‘ಮೇಷಬಲ ಪ್ಲಸ್’ ಎಂಬ ಕುರಿ ಟಾನಿಕ್ ತಯಾರಿಸುವ ಕಂಪನಿಯ ದೊಡ್ಡ ಯಜಮಾನರಾದ ತಮಗೂ, ಅದಕ್ಕೆ ವಾಸನೆ ಬೆರೆಸುವ ಮಹನೀಯರಿಗೂ, ಹೊಸದುರ್ಗ ತಾಲ್ಲೂಕಿನಲ್ಲಿ ಕುರಿ ಸಾಕಿಕೊಂಡಿರುವ ಮಲ್ಲಕ್ಕನ ನಮಸ್ಕಾರಗಳು. ನಮಸ್ಕಾರ ಮುಗಿಯಿತು. ಇನ್ನು ಹೇಳಿಬಿಡುತ್ತೇನೆ, ನನಗೆ ಕಾಗದ ಬರೆಯುವುದೆಂದರೆ ಮೈ ಉರಿಯುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಲ್ಲಿಂದೀಚೆಗೆ ಪೆನ್ನು ಹಿಡಿದದ್ದು ಸಹಿ ಹಾಕುವುದಕ್ಕೆ ಮಾತ್ರ. ತಮ್ಮ ನಂಬರಿಗೆ ಫೋನು ಮಾಡಿದರೆ ಒಬ್ಬ ಹೆಣ್ಣುಮಗಳು ಕನ್ನಡಕ್ಕೆ ಎರಡು ಒತ್ತಿ ಎಂದಳು, ಒತ್ತಿದೆ, ವೀಣೆ ಕೇಳಿಸಿದಳು, ವೀಣೆ ನಿಂತಿತು, ಫೋನೂ ನಿಂತಿತು. ಟಾನಿಕ್ ತಂದುಕೊಟ್ಟ ತಮ್ಮ ಏಜೆಂಟ್ ಚೇತನ್‌ಕುಮಾರನನ್ನು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದರೆ, “ಬಾಯಲ್ಲಿ ಹೇಳಿದ್ರೆ ಕಂಪನೀಲಿ ನಡೆಯಲ್ಲಜ್ಜಿ, ಬರೆದು ಕಳಿಸ್ರಿ” ಎಂದ. ತಮಗೆ ಕಳಿಸದೆ ಪತ್ರಿಕೆಗೇ ಬರೆಯುತ್ತಿರುವುದೇಕೆಂದರೆ, ತಮ್ಮಲ್ಲಿ ಕವರು ಒಡೆಸಬೇಕಾದರೂ ಎರಡು ಒತ್ತಬೇಕೇನೋ ಎಂಬ ಅನುಮಾನದಿಂದ.

ತಮ್ಮ ಟಾನಿಕ್ಕಿನಲ್ಲಿ ಶಕ್ತಿ ಇಲ್ಲ ಎಂದು ಯಾರಾದರೂ ಹೇಳಿದರೆ ಅವರ ಜೊತೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಈ ಸಲ ಮರಿ ಹಾಕಿದ ಕುರಿಗಳಿಗೆಲ್ಲ ನನ್ನ ತಮ್ಮ ತಿಪ್ಪಯ್ಯ ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಕುಡಿಸಿದ. ಕಣ್ಣು ಹೊಳೆದವು, ಮೈ ತುಂಬಿತು, ಕೆಚ್ಚಲು ಬಿಗಿಯಿತು. ಇನ್ನು, ತಾಯಿಗೆ ಏನೇ ಕುಡಿಸಿದರೂ ಅಂಗೈಗೆ ಅಂಟಿದ್ದನ್ನು ಮರಿಯ ಬೆನ್ನಿನಿಂದ ಬಾಲದ ಬುಡದವರೆಗೆ ಒರೆಸುವುದು ನಮ್ಮಲ್ಲಿ ವಾಡಿಕೆ, ತಾಯಿಗೆ ಕೊಟ್ಟದ್ದರಲ್ಲಿ ಮರಿಗೂ ಪಾಲು ಸೇರಲಿ ಎಂದು. ನಮ್ಮವ್ವ ಓಮದ ಕಷಾಯ ಒರೆಸುತ್ತಿದ್ದಳು, ನಾನು ಹರಳೆಣ್ಣೆ ಒರೆಸಿದ್ದೇನೆ, ಯಾವ ತಾಯಿಯೂ ತಕರಾರು ತೆಗೆದಿರಲಿಲ್ಲ. ತಿಪ್ಪಯ್ಯ ತಮ್ಮ ಟಾನಿಕ್ಕನ್ನೂ ಅಷ್ಟೇ ಭಕ್ತಿಯಿಂದ ಎಲ್ಲ ಮರಿಗಳಿಗೂ ಒರೆಸಿದ.

ಕುರಿಗೆ ತನ್ನ ಮರಿಯ ಗುರುತು ಖಾತ್ರಿಯಾಗುವುದು ಬಾಲದ ಬುಡ ಮೂಸಿದಾಗ ಎಂಬ ಸಂಗತಿ ತಮ್ಮ ಕಾರ್ಖಾನೆಯ ತನಕ ಬಂದಿಲ್ಲವೆಂದು ಕಾಣುತ್ತದೆ. ಈಗ ನಮ್ಮ ಕುರಿ ರೊಪ್ಪದಲ್ಲಿ ಯಾವ ಮರಿಯ ಬಾಲ ಮೂಸಿದರೂ ಅನಾನಸ್ ಹಣ್ಣು. ಕುರಿ ಕೊಳ್ಳಲು ಚಿತ್ರದುರ್ಗದಿಂದ ಬಂದ ಫಜಲುಲ್ಲಾ ಸಾಹೇಬರು ಬೇಲಿಯ ಹೊರಗೇ ನಿಂತು, “ಏನಪ್ಪ ತಿಪ್ಪಯ್ಯ, ರೊಪ್ಪಕ್ಕೆ ಬಂದೀನೋ ಬೇಕರಿಗೆ ಬಂದೀನೋ? ಕೇಕು ಎಲ್ಲೈತೆ?” ಎಂದರು. ತಿಪ್ಪಯ್ಯ ನಕ್ಕ. ನಾನು ಅಂದದ್ದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಮೊದಲಾದರೆ ಮರಿಯನ್ನು ಒಲ್ಲೆನೆಂದ ತಾಯಿ ಸ್ವಲ್ಪ ಹೊತ್ತು ಒದ್ದು ಸುಸ್ತಾಗಿ ನಿಂತುಬಿಡುತ್ತಿತ್ತು, ಅಷ್ಟರಲ್ಲಿ ಮರಿ ಕುಡಿದುಕೊಳ್ಳುತ್ತಿತ್ತು. ತಮ್ಮ ಕೃಪೆಯಿಂದ ಈಗ ಅವಕ್ಕೆ ಸುಸ್ತೆಂಬುದೇ ಇಲ್ಲ. ಹೆತ್ತ ಮರಿಯನ್ನೇ ಬೆಳಗಿನಿಂದ ಸಂಜೆಯವರೆಗೆ ಗುಮ್ಮಿ ಓಡಿಸುವ ತಾಕತ್ತನ್ನು ಒಂದೊಂದು ಕುರಿಗೂ ದಯಪಾಲಿಸಿದ್ದೀರಿ. ಮರಿ ಕುಡಿಯುವವರೆಗೆ ತಾಯಿಯನ್ನು ನಿಲ್ಲಿಸೋಣವೆಂದು ಅದರ ಕಾಲು ಹಿಡಿಯಲು ಹೋದ ತಿಪ್ಪಯ್ಯ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂತಿದ್ದಾನೆ, ಅದೂ ತಮ್ಮ ಟಾನಿಕ್ಕಿನ ಗುಣಕ್ಕೇ ಸಾಕ್ಷಿ. ಗಟ್ಟಿ ಮರಿಗಳು ಗಡಿಬಿಡಿಯಲ್ಲಿ ಸಿಕ್ಕ ಕೆಚ್ಚಲಿಗೆ ಬಾಯಿ ಹಾಕಿ ಉಬ್ಬಿಕೊಂಡಿವೆ. ಕಪ್ಪು ಕಿವಿಯದೊಂದು ಪಾಪದ ಮರಿ ಇದೆ, ಅದನ್ನು ಯಾವ ತಾಯಿಯೂ ಹತ್ತಿರ ಸೇರಿಸುತ್ತಿಲ್ಲ. ಪಕ್ಕದ ಮನೆಯ ಹುಸೇನ್ ಬೀ ತನ್ನ ಆಡಿನ ಹಾಲು ಕೊಡುತ್ತಿದ್ದಾಳೆ, “ಕುಡಿಸ್ಕಳ್ರಿ ಮಲ್ಲಕ್ಕ, ಆದ್ರೆ ನನ್ನ ಆಡಿಗೆ ಮಾತ್ರ ಆ ಬಾಟ್ಲಿ ತೋರಿಸ್ಬ್ಯಾಡ್ರಿ” ಎನ್ನುತ್ತಾಳೆ. ಆ ಹಾಲು ಮರಿಗೆ ಒಗ್ಗುತ್ತಿಲ್ಲ, ಉಚ್ಚಿಕೊಳ್ಳುತ್ತಿದೆ. ನಿನ್ನೆಯಿಂದ ಎದ್ದು ನಿಂತರೆ ಹಿಂಗಾಲು ನಡುಗುತ್ತವೆ.

ನಾವೇನೂ ಸುಮ್ಮನೆ ಕುಂತಿಲ್ಲ. ಸೀಗೆಕಾಯಿ ಹಾಕಿ ತಿಕ್ಕಿದೆ, ಬೂದಿ ಬಳಿದೆ. ಮರಿಗಳು ಬೆಳ್ಳಗಾದವು, ವಾಸನೆ ಮಾತ್ರ ತಮ್ಮ ಕಂಪನಿಯ ಹೆಸರು ಉಳಿಸಿತು. ಹಿಂದಿನವರು ಮಾಡುತ್ತಿದ್ದಂತೆ ಮರಿಯ ಮೈಗೆ ಉಪ್ಪು ಸವರಿ ತಾಯಿಯ ಮುಂದೆ ಬಿಟ್ಟೆ. ತಾಯಿ ಉಪ್ಪನ್ನೆಲ್ಲ ಅಚ್ಚುಕಟ್ಟಾಗಿ ನೆಕ್ಕಿತು, ಆಮೇಲೆ ಗುಮ್ಮಿತು.

ಚೇತನ್‌ಕುಮಾರ್ ಹೇಳುತ್ತಾನೆ, “ಮೈಗೆ ಹಚ್ಚಬಾರ್ದು ಅಂತ ಬಾಟ್ಲಿ ಮ್ಯಾಲೇ ಐತಲ್ಲಜ್ಜಿ.” ಇದೆ. ಇಂಗ್ಲಿಷಿನಲ್ಲಿದೆ, ಹೇನಿನ ಸೀರಿನಷ್ಟು ಸಣ್ಣ ಅಕ್ಷರದಲ್ಲಿದೆ. ಅದನ್ನು ಓದಬಲ್ಲ ಕುರಿ ಕಾಯುವವರು ಹಿರಿಯೂರಿನ ಕಡೆ ಎಲ್ಲಾದರೂ ಇದ್ದಾರೇನೋ, ನಮ್ಮ ಕಡೆ ಇಲ್ಲ. ಅದಿರಲಿ, ಕುರಿಯ ಟಾನಿಕ್ಕಿಗೆ ಅನಾನಸ್ ಏಕೆ ಸ್ವಾಮಿ? ನಮ್ಮ ಕುರಿಗಳು ಅದನ್ನು ಕಣ್ಣಲ್ಲೂ ಕಂಡಿಲ್ಲ. ನಾನೇ ಹಾಲುರಾಮೇಶ್ವರಕ್ಕೆ ಹೋದಾಗ ಒಂದು ಹೋಳು ತಿಂದವಳು. ಜಾಲಿಕಾಯಿಯ ವಾಸನೆ ಹಾಕಿದ್ದರೆ ಕುಡಿಯುವವರಿಗಾದರೂ ಅರ್ಥವಾಗುತ್ತಿತ್ತು.

ಆದ್ದರಿಂದ ವಿನಂತಿ ಏನೆಂದರೆ, ಅನಾನಸನ್ನು ಆರಿಸಿದ ಆ ಮಹನೀಯರನ್ನು ಕೂಡಲೇ ನಮ್ಮೂರಿಗೆ ಕಳಿಸಿಕೊಡಬೇಕು. ಅವರ ಮೂಗು ದೊಡ್ಡ ಓದು ಓದಿದ್ದಿರಬೇಕು, ಒಂದೊಂದೇ ಮರಿಯ ಬಾಲ ಎತ್ತಿ ಮೂಸಿ ಇದು ಯಾರದು, ಅದು ಯಾರದು ಎಂದು ಕುರಿಗಳಿಗೆ ತಿಳಿಸಿಹೇಳಲಿ. ಮಲಗಲು ಕಂಬಳಿ ಇದೆ, ಉಣ್ಣಲು ಮುದ್ದೆ ಇದೆ. ಅವರಿಗೆ ಪುರುಸೊತ್ತಿಲ್ಲವಾದರೆ ತಾವೇ ಬಂದು ಒಂದು ಕುರಿಯ ಹಿಂಗಾಲು ಹಿಡಿದುಕೊಂಡು ಕುಂತುಕೊಳ್ಳಬಹುದು, ಯಾವ ಕುರಿಯೆಂದು ಆರಿಸುವ ಗೌರವ ತಮಗೇ ಬಿಟ್ಟದ್ದು.

ಟಾನಿಕ್ಕಿನ ಮೇಲೆ ಪೂರ್ತಿ, ತಮ್ಮ ಮೇಲೆ ಅರ್ಧಂಬರ್ಧ ವಿಶ್ವಾಸ ಉಳಿಸಿಕೊಂಡಿರುವ ತಮ್ಮ ವಿಶ್ವಾಸಿ,
ಮಲ್ಲಕ್ಕ

ಮರೆತ ಮಾತು: ಬಾಟಲಿಯ ಮೇಲೆ ತಾಯಿಕುರಿ ಮರಿಗೆ ಹಾಲೂಡಿಸುವ ಚಿತ್ರ ಬಹಳ ಚೆನ್ನಾಗಿದೆ. ಆ ಮರಿಗೆ ತಮ್ಮ ಟಾನಿಕ್ ಸೋಕಿಲ್ಲವೆಂಬುದು ನೋಡಿದೊಡನೆ ಗೊತ್ತಾಗುತ್ತದೆ. ನನಗೆ ಕ್ಷಮೆ ಬೇಡ, ಬದಲಿ ಬಾಟಲಿಯಂತೂ ಬೇಡವೇ ಬೇಡ. ಈ ವಾಸನೆ ಯಾವುದರಿಂದ ಹೋಗುತ್ತದೆ ಎಂಬ ಒಂದು ಸಾಲಿನ ಉತ್ತರ ಇದೇ ತಿಂಗಳ ಹದಿನಾಲ್ಕರೊಳಗೆ ಬರಬೇಕು. ಹದಿನೈದಕ್ಕೆ ಬಂದರೆ ಕಪ್ಪು ಕಿವಿಯದಕ್ಕೆ ಅದರ ಅಗತ್ಯ ಇರುವುದಿಲ್ಲ.