ಬಗ್ಗಡದ ನೀರೂ ನಡುಗುವ ಚಮಚವೂ

ನನ್ನ ಸೋದರಮಾವನ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು: ನಡುಗುವವು ಮತ್ತು ನಡುಗದವು. ನಡುಗದವುಗಳ ಬಗ್ಗೆ ಅವರಿಗೆ ಗೌರವವಿಲ್ಲ. ಯಾರ ಮನೆಗೆ ಹೋದರೂ ಮೊದಲು ಫ್ರಿಜ್ಜಿನ ಮೈಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ಆರ್.ಟಿ. ನಗರದ ನೆಂಟರ ಗೃಹಪ್ರವೇಶದಲ್ಲಿ, ಪುರೋಹಿತರು ಮಂತ್ರ ನಿಲ್ಲಿಸಿ ನೋಡುತ್ತಿರುವಂತೆಯೇ, ತಿರುಗುತ್ತಿದ್ದ ಹೊಸ ಮಿಕ್ಸಿಯನ್ನು ಮುಟ್ಟಿ "ಬೇರಿಂಗ್ ಸರಿಯಿಲ್ಲ ಕಣ್ರೀ, ದೀಪಾವಳಿವರೆಗೂ ಬರಲ್ಲ" ಎಂದು ಭವಿಷ್ಯ ನುಡಿದರು. ಮಿಕ್ಸಿ ದಸರೆಗೇ ನಿಂತಿತು. ಆ ನೆಂಟರು ಈಗಲೂ ನಮ್ಮೊಡನೆ ಮಾತಾಡುವುದಿಲ್ಲ. ಕೆಡಿಸಿದವರು ಮಾವನೇ ಎಂಬುದು ಅವರ ನಂಬಿಕೆ.

ಈ ವಿದ್ಯೆಯ ಮೂಲ ಪೀಣ್ಯದ ಒಂದು ಕಾರ್ಖಾನೆ. ಅಲ್ಲಿನ ಪ್ರೆಸ್ ಯಂತ್ರಗಳ ಮುಂದೆ ಮೂವತ್ತು ವರ್ಷ ನಿಂತು ಮಾವನ ಕಿವಿಗಳು ಹೋದವು, ಉಳಿದದ್ದು ಅಂಗೈ. ಕೆಲಸಗಾರರ ಕಿವಿಗೆ ರಕ್ಷಣೆ ಕೊಡದಿರುವುದು ಅಪರಾಧ, ಅದಕ್ಕೆ ಪರಿಹಾರ ಕೇಳುವುದು ಹಕ್ಕು. ಇದನ್ನು ಅವರಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ಅವರಿಗೆ ಕೇಳಿಸಿಲ್ಲ.

ನಿವೃತ್ತರಾಗಿ ಯಲಹಂಕದ ನಮ್ಮ ಮನೆಯ ಮಹಡಿಗೆ ಬಂದ ಮೇಲೆ ಮಾವ ಹಿಡಿದದ್ದು ಗಾಳ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ! ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ. ಎರೆಹುಳು ಚುಚ್ಚುವುದೂ ಇಲ್ಲ. ಸ್ಟೀಲ್ ಚಮಚದ ಹಿಡಿ ಕತ್ತರಿಸಿ, ಉಳಿದದ್ದನ್ನು ಬಡಿದು ಮಣಿಸಿ, ಬೆನ್ನಿಗೆ ತೂತು ಕೊರೆದು ದಾರ, ತುದಿಗೆ ಕೊಕ್ಕೆ ಕಟ್ಟುತ್ತಾರೆ. ಎಳೆದರೆ ಅದು ನೀರೊಳಗೆ ಗಡಗಡ ನಡುಗುತ್ತದೆ. ಬಗ್ಗಡದ ನೀರಿನಲ್ಲಿ ಮೀನಿಗೆ ಕಣ್ಣು ಕಾಣದು. ಆದರೆ ಅದರ ಪಕ್ಕೆಯುದ್ದಕ್ಕೂ ನಡುಕವನ್ನು ಅರಿಯುವ ಗೆರೆಯೊಂದಿದೆ. "ನಂದೇ ಕೇಸು ಕಣಮ್ಮ ಅದೂ" ಎನ್ನುತ್ತಾರೆ ಮಾವ.

ಅವರ ಪ್ರಯೋಗಶಾಲೆ ಬಚ್ಚಲುಮನೆಯ ಡ್ರಮ್ಮು. ಅದಕ್ಕೆ ಕೆಮ್ಮಣ್ಣು ಕಲಸಿ, ಕಣ್ಣು ಮುಚ್ಚಿ ಚಮಚ ಎಳೆಯುತ್ತಿದ್ದರು. ಬಾಗಿಲಲ್ಲಿ ಅತ್ತೆ ಬಂದು ನಿಂತರು.

"ಮನೇಲಿ ಉಪ್ಪಿನಕಾಯಿಗೆ ಒಂದು ಚಮಚ ಇಲ್ಲ, ಕೆರೆಗೆ ಮಾತ್ರ ಡಿನ್ನರ್ ಸೆಟ್ಟು."

"ಏನಂದ್ಲು?" ಎಂದು ಮಾವ ನನ್ನ ಕಡೆ ತಿರುಗಿದರು.

"ಚಮಚದ ವಿಷ್ಯ ಮಾವ" ಎಂದು ಕೂಗಿದೆ.

"ಈಗ್ಲೇ ಬೇಡ ಅನ್ನು, ಇನ್ನೂ ಎರಡಿದೆ."

ಅಡುಗೆಮನೆಯ ಸಾಮಾನಿನ ಮೇಲೆ ಮೊದಲ ಹಕ್ಕು ಅಲ್ಲಿ ದುಡಿಯುವ ಹೆಣ್ಣಿನದೆಂದು ಅಂದೇ ಚೀಟಿ ಬರೆದುಕೊಟ್ಟೆ. ಮೀನಿನ ಬಾಯಿಗೂ ನೋವಿದೆಯೆಂದು ಇನ್ನೊಂದು ಚೀಟಿ. ಮೊದಲನೆಯದರ ಫಲವಾಗಿ ಮನೆಗೆ ಒಂದು ಡಜನ್ ಪ್ಲಾಸ್ಟಿಕ್ ಚಮಚ ಬಂತು. ಪ್ಲಾಸ್ಟಿಕ್ಕಿನ ವಿರುದ್ಧ ಹೋರಾಡುವವಳ ಮನೆಗೆ! ಎರಡನೆಯದರ ಫಲವಾಗಿ ಕೊಕ್ಕೆಗಳ ಹಿಮ್ಮುಳ್ಳನ್ನೆಲ್ಲ ಮಾವ ಅರ ಹಾಕಿ ಉಜ್ಜಿ ತೆಗೆದರು.

ನನ್ನ ದೊಡ್ಡ ಹೋರಾಟವೆಂದರೆ ನಮ್ಮ ಬಡಾವಣೆಯ ಕೆರೆ. ಕೊಳಚೆ ಬಿಡುವ ಅಪಾರ್ಟ್‌ಮೆಂಟು, ಕಲ್ಲುಮಣ್ಣು ಸುರಿಯುವ ಲಾರಿ, ಅಂಚು ನುಂಗುವ ಬೇಲಿ, ಒಂದನ್ನೂ ಬಿಡದೆ ಹೆಸರಿಸಿ, ಪ್ರತಿ ಮನವಿಯ ಮೇಲೂ 'ಸತ್ತ ಕೆರೆ' ಎಂದು ಕೆಂಪಕ್ಷರದಲ್ಲಿ ಬರೆಯುತ್ತಿದ್ದೆ. ಓದಿದವರ ಮನಸ್ಸು ಕಲಕಲಿ ಎಂಬ ಆಸೆ. ಕಳೆದ ವಾರ್ಡ್ ಸಭೆಯಲ್ಲಿ ಎಂಜಿನಿಯರೊಬ್ಬರು ಅದೇ ಮನವಿಯನ್ನು ಎತ್ತಿ ತೋರಿಸಿದರು.

"ಮೇಡಂ, ಸತ್ತಿದೆ ಅಂತ ನೀವೇ ಬರ್ದಿದೀರಲ್ಲ. ಸತ್ತಿರೋ ಕೆರೆ ಮುಚ್ಚಿ ರಸ್ತೆ ಮಾಡಿದ್ರೆ ಯಾರಿಗೇನ್ ನಷ್ಟ?"

ಮನೆಗೆ ಬಂದು ನಡೆದದ್ದನ್ನೆಲ್ಲ ಬರೆದು ಮಾವನ ಮುಂದಿಟ್ಟೆ. ಓದಿದರು.

"ಸತ್ತಿದೆ ಅಂತ ಯಾರು ಹೇಳಿದ್ದು?"

"ನಾನೇ ಮಾವ."

"ಸುಳ್ಳು. ಕೊರಮೀನಿದೆ. ಶನಿವಾರ ಕರ್ಕೊಂಡ್ ಬಾ ಆ ಮಹಾರಾಯನ್ನ."

ಎಂಜಿನಿಯರ್ ಮೂಗಿಗೆ ಕರವಸ್ತ್ರ ಹಿಡಿದು ಬಂದರು. ಹತ್ತು ಗಂಟೆಯೊಳಗೆ ಒಂದು ಮೀನು ಕಂಡರೂ ವರದಿಯಲ್ಲಿ ಬರೆಯುವುದಾಗಿಯೂ, ಕಾಣದಿದ್ದರೆ ರಸ್ತೆಯ ಕಡತಕ್ಕೆ ಸಹಿ ಹಾಕುವುದಾಗಿಯೂ ಹೇಳಿದರು. ಮಾವ ಗಾಳ ಬೀಸಿದರು. ಬಂದದ್ದು ಪೂಜೆಯ ಹೂ ತುಂಬಿದ ಪ್ಲಾಸ್ಟಿಕ್ ಚೀಲ. ಭಕ್ತಿಯ ಹೆಸರಿನ ಈ ಮಾಲಿನ್ಯವನ್ನು ಖಂಡಿಸಲು ಬಾಯಿ ತೆರೆದವಳು, ಗಡಿಯಾರ ನೋಡಿ ಮುಚ್ಚಿದೆ.

"ಇದು ಯಾವ ಜಾತಿ ಮೀನು ಸರ್?" ಎಂದರು ಎಂಜಿನಿಯರ್. ಮಾವ ಕೇಳಿಸದೆ ನಕ್ಕರು.

ಹತ್ತಕ್ಕೆ ಐದೇ ನಿಮಿಷ ಉಳಿದಿತ್ತು. "ಬೇಗ ಎಳೀರಿ ಮಾವ" ಎಂದು ತೋಳು ಹಿಡಿದು ಅಲುಗಿಸಿದೆ.

"ಬೇಗ ಎಳದ್ರೆ ಬರೀ ತಿರುಗುತ್ತೆ, ನಡುಗಲ್ಲ. ಅದಕ್ಕೆ ಕಾಣಲ್ಲಮ್ಮ. ಹುಡುಕ್ಕೊಂಡು ಬರೋಕೆ ಟೈಮ್ ಕೊಡು."

ಎಳೆದರು, ತಡೆದರು, ಮತ್ತೆ ಎಳೆದರು. ತಟ್ಟನೆ ಕೋಲು ಬಾಗಿತು. ಆಗ ಮಾವ ಮಾಡಿದ್ದೇನು? ಅಂಥ ಹೊತ್ತಿನಲ್ಲಿ ಕೋಲನ್ನು ನನ್ನ ಕೈಗೆ ಕೊಟ್ಟುಬಿಟ್ಟರು! ದಾರದ ಆ ತುದಿಯಲ್ಲಿ ಯಾರೋ ನನ್ನ ಮಾತನ್ನು ಒಪ್ಪದೆ ಜಗ್ಗುತ್ತಿದ್ದರು.

ಮೊಳದುದ್ದದ ಕೊರಮೀನು. ಎಂಜಿನಿಯರ್ ಫೋಟೊ ತೆಗೆದು "ಜೀವಂತ ಮೀನು ಕಂಡುಬಂದಿರುತ್ತದೆ" ಎಂದು ಬರೆದುಕೊಂಡರು. ರಸ್ತೆ ಸದ್ಯಕ್ಕೆ ನಿಂತಿದೆ. "ಫ್ರೈಗೆ ಫಸ್ಟ್ ಕ್ಲಾಸ್ ಸರ್, ಕೊಡ್ತೀರಾ?" ಎಂದು ಅವರು ಕೇಳಿದ್ದು ಮಾವನಿಗೆ ಕೇಳಿಸಲಿಲ್ಲ, ಕೇಳಿಸಿತ್ತೆಂದು ನನ್ನ ಗುಮಾನಿ.

ಮಾವ ಆಗಲೇ ದಡದ ಕಲ್ಲಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಮೀನಿನ ಹೊಟ್ಟೆಯಡಿ ಎರಡೂ ಕೈ ಕೊಟ್ಟು ಅದನ್ನು ನೀರಿನಲ್ಲಿ ಹಿಡಿದಿದ್ದರು. ತಳ್ಳಲಿಲ್ಲ, ಬಿಡಲೂ ಇಲ್ಲ. "ಸುಸ್ತಾಗಿದೆ ಪಾಪ. ತಾನಾಗೇ ಹೋಗ್ಲಿ" ಎಂದರು. ಎಂಜಿನಿಯರರ ಜೀಪು ಹೊರಟುಹೋಯಿತು. ಎಷ್ಟೋ ಹೊತ್ತಿನ ಮೇಲೆ "ಹೋಯ್ತು" ಎಂದರು. ನನಗೇನೂ ಕಾಣಲಿಲ್ಲ.

ಈ ಕೆರೆಗಾಗಿ ಏಳು ವರ್ಷ ಕೂಗಿದವಳು ನಾನು. ಅದರ ನೀರಿಗೆ ಒಂದು ಬೆರಳನ್ನೂ ಅದ್ದಿರಲಿಲ್ಲ. ಮಾವನ ಪಕ್ಕ ಬಗ್ಗಿ ಕೈ ಇಳಿಸಿದೆ. ಬೆಚ್ಚಗಿತ್ತು. ಅವರು ಸ್ವಲ್ಪ ಸರಿದು, ಕಲ್ಲಿನ ಮೇಲೆ ನನಗೂ ಜಾಗ ಮಾಡಿಕೊಟ್ಟರು.