ಹೇಳದೆ ಕೇಳದೆ ಸರಿಯಾದ ಗಡಿಯಾರಕ್ಕೆ

ಗೆ,
ಶ್ರೀಯುತ ಗಡಿಯಾರರವರು,
ಪರದೆಯ ಕೆಳಗಿನ ಬಲಮೂಲೆ,
ನಮ್ಮ ಮನೆಯ ಲ್ಯಾಪ್‌ಟಾಪ್,
ಬೇಗಂಪೇಟೆ, ಹೈದರಾಬಾದ್.

ಮಾನ್ಯರೇ,

ಶಿರಸಾಷ್ಟಾಂಗ ನಮಸ್ಕಾರಗಳು. ಅಪ್‌ಡೇಟ್ ಆದ ಮೇಲೆ ತಮ್ಮ ಆರೋಗ್ಯ ಸುಧಾರಿಸಿದೆ, ಬಣ್ಣ ತಿಳಿಯಾಗಿದೆ, ಅಂಕಿಗಳು ಮೊದಲಿಗಿಂತ ದುಂಡಗಾಗಿವೆ ಎಂಬುದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಈ ಪತ್ರವನ್ನು ತಮ್ಮದೇ ಕೀಲಿಮಣೆಯ ಮೇಲೆ, ತಮ್ಮ ಕಣ್ಣೆದುರಿಗೇ ಬರೆಯುತ್ತಿದ್ದೇನೆ. ಆದ್ದರಿಂದ ಬೆನ್ನ ಹಿಂದೆ ದೂರಿದಳೆಂಬ ಅಪವಾದಕ್ಕೆ ಅವಕಾಶವಿಲ್ಲ. ಬಹಿರಂಗವಾಗಿ ಏಕೆ ಬರೆಯುತ್ತೀರಿ, ಒಳಗೊಳಗೇ ಮುಗಿಸಿಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ತಾವು ನನಗೆ ಮಾಡಿದ್ದು ನಾಲ್ಕು ಜನರ ಎದುರಿಗೆ, ಅದೂ ವಿಡಿಯೋದಲ್ಲಿ. ಹಾಗಾಗಿ ನಾಲ್ಕು ಜನ ಓದಲಿ.

ನನ್ನ ಪರಿಚಯ ತಮಗಿರಲಿಕ್ಕಿಲ್ಲ. ದಿನಾ ಮುಖ ನೋಡಿದರೂ ಪರಿಚಯವಿರಬೇಕೆಂಬ ನಿಯಮ ತಮ್ಮ ಕಂಪನಿಯಲ್ಲಿಲ್ಲವೆಂದು ಬಲ್ಲೆ. ನಾನು ಸುವರ್ಣಾ. ತವರು ಭಾಲ್ಕಿ, ಮದುವೆಯಾಗಿ ಈ ಊರಿಗೆ ಬಂದವಳು. ಯಜಮಾನರಾದ ವೈಜನಾಥರು ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿಯೊಂದರ ಮ್ಯಾನೇಜರು. ನಮ್ಮ ಮನೆಯ ಹಾಲಿನಲ್ಲಿ, ಬಾಗಿಲಿನ ಮೇಲೆ, ಒಂದು ಗೋಡೆ ಗಡಿಯಾರವಿದೆ. ಅದನ್ನು ಗೃಹಪ್ರವೇಶದ ದಿನವೇ ನಾನು ಕಾಲು ಗಂಟೆ ಮುಂದಿಟ್ಟೆ. ವೈಜನಾಥರು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೊರಡುವ ಜಾತಿಯವರಲ್ಲವಾದ್ದರಿಂದ ಈ ಉಪಾಯ. ಅದು ಮುಂದಿದೆಯೆಂದು ಅವರಿಗೂ ಗೊತ್ತು, ನನಗೂ ಗೊತ್ತು, ಪೇಪರ್ ಹಾಕುವವನಿಗೂ ಗೊತ್ತು. ಎಲ್ಲರೂ ಅದನ್ನು ನೋಡಿ, ಮನಸ್ಸಿನಲ್ಲೇ ಕಾಲು ಗಂಟೆ ಕಳೆದು, ಎಂದಿನಂತೆ ತಡವಾಗಿಯೇ ಹೊರಡುತ್ತಾರೆ. ಆದರೂ ಅದನ್ನು ಸರಿಪಡಿಸುವ ದುರ್ಬುದ್ಧಿ ಯಾರಿಗೂ ಬಂದಿಲ್ಲ. ಮನೆಯ ಗಡಿಯಾರ ಸ್ವಲ್ಪ ಮುಂದಿರಬೇಕು. ಅದು ಸಂಸಾರವೊಂದರ ಲಕ್ಷಣ.

ಇಂಥ ಮನೆಗೆ ತಾವು ಬಂದಿರಿ. ಬಂದ ದಿನದಿಂದ ಸೆಕೆಂಡು ತಪ್ಪದ ಸತ್ಯಸಂಧರಾಗಿ ಮೂಲೆಯಲ್ಲಿ ಕುಳಿತಿರಿ. ನಾನು ಹೊತ್ತಾಯಿತೆಂದು ಕೂಗಿದಾಗಲೆಲ್ಲ ವೈಜನಾಥರು ತಮ್ಮತ್ತ ಬೆರಳು ತೋರಿಸಿ, “ಲ್ಯಾಪ್‌ಟಾಪ್‌ನಾಗ ಇನ್ನಾ ಭಾಳ ಟೈಮ್ ಐತಿ ನೋಡು” ಎನ್ನುತ್ತಿದ್ದರು. ಮನೆಯಲ್ಲಿ ನನ್ನ ಮಾತಿಗಿದ್ದ ಬೆಲೆ ತಮ್ಮ ಪಾಲಾಯಿತು. ನಾನು ಸಹಿಸಿದೆ. ಒಬ್ಬರಾದರೂ ನಿಜ ಹೇಳುವವರು ಮನೆಯಲ್ಲಿರಲಿ ಎಂದು ತಮಗೆ ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದೆ.

ಆಮೇಲೆ ಆ ಅಪ್‌ಡೇಟ್ ಬಂತು. “ದಯವಿಟ್ಟು ಆರಿಸಬೇಡಿ” ಎಂದು ತಾವು ಬೇಡಿಕೊಂಡಿರಿ, ನಾವು ಆರಿಸಲಿಲ್ಲ. ಚಕ್ರ ತಿರುಗಿತು, ಅನ್ನ ಬೆಂದಿತು, ಊಟವಾಯಿತು, ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಕೊನೆಗೆ ತಾವು ಕಣ್ಣು ಬಿಟ್ಟಾಗ ಹಾಲಿನ ಗಡಿಯಾರದೊಂದಿಗೆ ಕರಾರುವಾಕ್ಕಾಗಿ ಹೊಂದಿಕೊಂಡಿದ್ದಿರಿ, ಅಂದರೆ ಕಾಲು ಗಂಟೆ ಮುಂದಿದ್ದಿರಿ. ಕೊನೆಗೂ ತಾವು ನಮ್ಮ ಮನೆಯವರಾದಿರೆಂದು ಮೊದಲ ಕ್ಷಣ ನನಗೆ ಹೆಮ್ಮೆಯೇ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೂ ಚಿಕಿತ್ಸೆಯಲ್ಲಿ ನಾವು ಕಡಿಮೆ ಮಾಡಲಿಲ್ಲ. ಮೊದಲು ತಮ್ಮನ್ನು ಆರಿಸಿ ಹಚ್ಚಿದೆವು. ವೈಜನಾಥರು, ರೇಡಿಯೋಗಳನ್ನು ರಿಪೇರಿ ಮಾಡುತ್ತಿದ್ದ ಕಾಲದ ಅಭ್ಯಾಸಬಲದಿಂದ, ತಮ್ಮ ಬೆನ್ನಿಗೆ ಎರಡು ಸಲ ಪ್ರೀತಿಯಿಂದ ತಟ್ಟಿದರು. ಅದೂ ನಾಟದೆ ಹೋದಾಗ ಮೇಲಿನ ಮನೆಯ ತರುಣನನ್ನು ಕರೆದೆ. ಆತ ಮೈಸೂರಿನ ಕಡೆಯವನು, ಗಚ್ಚಿಬೌಲಿಯಲ್ಲಿ ಕೆಲಸ, ಮೂರು ಹೊತ್ತೂ ಕಂಪ್ಯೂಟರ್ ಎದುರಿಗೆ ಕೂತವನು. ಆತ ಸೆಟ್ಟಿಂಗ್ಸ್ ಎಂಬ ಗುಹೆಯೊಳಗೆ ಹೋಗಿ ಬಹಳ ಹೊತ್ತಿನ ಮೇಲೆ ಹೊರಗೆ ಬಂದು, “ಆಂಟಿ, ನಿಮ್ ಲ್ಯಾಪ್‌ಟಾಪ್ ಕಾಠ್ಮಂಡುಗೆ ಹೋಗ್ಬಿಟ್ಟಿದೆ” ಎಂದನು. ಟೈಮ್ ಝೋನ್ ಎಂಬುದು ನೇಪಾಳದ್ದಾಗಿದೆಯಂತೆ. ನಾನು ಈ ಊರಿಗೆ ಬಂದಾಗಿನಿಂದ ತಿರುಪತಿಗೆ ಹೋಗಬೇಕೆಂದುಕೊಂಡು ಇನ್ನೂ ಹೋಗಿಲ್ಲ, ತಾವು ಮೇಜಿನ ಮೇಲೆ ಕುಳಿತಲ್ಲೇ ಪಶುಪತಿನಾಥನ ದರ್ಶನ ಮುಗಿಸಿದಿರಿ. ಧನ್ಯರು.

ತರುಣ ತಮ್ಮನ್ನು ಭಾರತಕ್ಕೆ ಕರೆತಂದ. ಮರುದಿನ ಹಚ್ಚಿದಾಗ ತಾವು ಮತ್ತೆ ನೇಪಾಳದಲ್ಲಿದ್ದಿರಿ. ಮತ್ತೆ ಕರೆತಂದ, ಮತ್ತೆ ಹೋದಿರಿ. ಕೊನೆಗೆ ಆತ ಕೈಚೆಲ್ಲಿ, “ಇದು ಅವರ ಕಡೆಯ ಪ್ರಾಬ್ಲಂ ಆಂಟಿ, ಇನ್ನೊಂದು ಅಪ್‌ಡೇಟ್ ಬಂದ್ರೆ ತಾನಾಗೇ ಸರಿ ಹೋಗುತ್ತೆ” ಎಂದ. ಆ ಮಾತನ್ನು ನಾನು ಗಂಟು ಹಾಕಿಕೊಳ್ಳಬೇಕಿತ್ತು. ಆದರೆ ಅಷ್ಟರಲ್ಲಿ ವೈಜನಾಥರು ನಮ್ಮ ಮನೆತನಕ್ಕೆ ತಕ್ಕ ಪರಿಹಾರ ಹೇಳಿಬಿಟ್ಟಿದ್ದರು. “ಅದಕ್ಯಾಕ ಇಷ್ಟ್ ತಲಿ ಕೆಡಿಸ್ಕೋತಿ? ಪಾವ್ ತಾಸು ಕಳದ್ ನೋಡಿದ್ರ ಆತು. ಹಾಲ್‌ನಾಗಿಂದಕ್ಕ ಅದನ್ನಽ ಮಾಡಾಕತ್ತೀವಲ್ಲ?”

ಎಷ್ಟು ಸುಲಭ! ನಾನು ಮರೆಯದಿರಲೆಂದು ನನ್ನ ಹಣೆಯ ಕೆಂಪು ಟಿಕಳಿಯನ್ನೇ ತೆಗೆದು ತಮ್ಮ ಪಕ್ಕದ ಅಂಚಿಗೆ ಅಂಟಿಸಿದೆ. ಟಿಕಳಿ ಕಂಡರೆ ಕಾಲು ಗಂಟೆ ಕಳೆಯಬೇಕು, ಅಷ್ಟೇ. ತಾವು ಮುತ್ತೈದೆಯಂತೆ ಶೋಭಿಸುತ್ತಿದ್ದಿರಿ.

ಇನ್ನು ನನ್ನ ಅಹವಾಲಿಗೆ ಬರುತ್ತೇನೆ. ಹೋದ ವರ್ಷ ನನ್ನ ನಾದಿನಿಯ ಆಪರೇಷನ್‌ಗೆಂದು ಈ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕುಳಿತಿದ್ದಾಗ, ಪಕ್ಕದಲ್ಲಿ ರಾಯಚೂರಿನ ಕಡೆಯ ಅಜ್ಜಿಯೊಬ್ಬಳಿಗೆ ನರ್ಸಮ್ಮ ತೆಲುಗಿನಲ್ಲಿ ಏನೇನೋ ಹೇಳಿ ಹೋದಳು. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, ಆಮೇಲೆ ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬ ಇಡ್ಲಿ ತಿಂದು ಬಂದಳು. ಏನೂ ತಿನ್ನಬಾರದೆಂದೇ ಅವಳಿಗೆ ಹೇಳಿದ್ದು. ಆಪರೇಷನ್ ಮುಂದೆ ಹೋಯಿತು, ಬೈಗುಳ ಅಜ್ಜಿಗೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಾ, “ನನಗ ತಿಳೀಲಿಲ್ಲವ್ವ, ಕೇಳಾಕ ನಾಚಿಕಿ ಬಂತು” ಎಂದಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನನಗೆ ತೆಲುಗು ಬರುತ್ತದೆ, ಇಲ್ಲಿಯ ಹಿಂದಿ ಬರುತ್ತದೆ, ಆ ಅಜ್ಜಿಯ ಕನ್ನಡವಂತೂ ನನ್ನದೇ. ಮೊನ್ನೆ ಅದೇ ಆಸ್ಪತ್ರೆಯವರು, ಬೀದರ, ಕಲಬುರಗಿ, ರಾಯಚೂರಿನಿಂದ ಬರುವ ರೋಗಿಗಳಿಗೆ ಮಾತು ತಿಳಿಸಿ ಹೇಳುವವರು ಬೇಕೆಂದು ಪ್ರಕಟಣೆ ಕೊಟ್ಟರು. ನಾನು ಜೀವಮಾನದಲ್ಲಿ ಹೊರಗೆ ದುಡಿದವಳಲ್ಲ. ಆದರೆ ಈ ಒಂದು ಕೆಲಸ ನನಗೆ ಬೇಕಿತ್ತು. ಬಹಳ ಬೇಕಿತ್ತು. ಅಷ್ಟು ಆಸೆಯಿಂದ ನಾನು ಒಡವೆಯನ್ನೂ ಕೇಳಿರಲಿಲ್ಲ. ಇಂಟರ್‌ವ್ಯೂ ತಮ್ಮ ಪರದೆಯ ಮೇಲೇ, ವಿಡಿಯೋದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ.

ಆ ದಿನ ತಾವು ಮಾಡಿದ್ದೇನು? ಹಿಂದಿನ ಸಂಜೆ ಎಲ್ಲಿಂದಲೋ ಇನ್ನೊಂದು ಚಿಕ್ಕ ಅಪ್‌ಡೇಟ್ ತರಿಸಿಕೊಂಡು, ಯಾರಿಗೂ ಹೇಳದೆ, ಒಂದು ಕೆಮ್ಮು ಕೂಡ ಕೆಮ್ಮದೆ, ಸದ್ದಿಲ್ಲದೆ ನೇಪಾಳದಿಂದ ಮನೆಗೆ ಬಂದು ಸರಿಯಾಗಿಬಿಟ್ಟಿರಿ! ಟಿಕಳಿ ಮಾತ್ರ ಹಾಗೇ ಇತ್ತು, ನಾನು ಕಾಲು ಗಂಟೆ ಕಳೆಯುತ್ತಲೇ ಇದ್ದೆ.

ಅನುಮಾನ ಬರಲಿಲ್ಲವೇ ಎಂದು ಕೇಳುತ್ತೀರಿ. ಬಂತು ಸ್ವಾಮಿ, ಮೂರು ಸಲ ಬಂತು, ಮೂರು ಸಲವೂ ನನ್ನ ಬುದ್ಧಿವಂತಿಕೆಯಿಂದ ಅದನ್ನು ಹೊಡೆದೋಡಿಸಿದೆ. ಮೊದಲನೆಯದಾಗಿ ಮೊಬೈಲು ತಮ್ಮ ಹೊತ್ತನ್ನೇ ತೋರಿಸುತ್ತಿತ್ತು. ವೈಜನಾಥರು ಅದನ್ನು ನೋಡಿ, “ಮೊಬೈಲಿಗೂ ಆ ನೇಪಾಳದ ಬ್ಯಾನಿ ಹತ್ತೇತಿ ನೋಡು” ಎಂದು ಮರುಗಿದರು. ಅಲ್ಲಿಗೆ ಅದರ ಸಾಕ್ಷಿ ಮುಗಿಯಿತು. ಆಮೇಲೆ ಹಾಲಿನ ಗಡಿಯಾರ ತಮಗಿಂತ ಕಾಲು ಗಂಟೆ ಮುಂದಿರುವುದು ಕಣ್ಣಿಗೆ ಬಿತ್ತು. ನಿನ್ನೆಯವರೆಗೆ ಜೋಡಿಯಾಗಿದ್ದವು ಇಂದು ಬೇರೆಯಾಗಿವೆಯೆಂದರೆ, ನನ್ನ ಇಂಟರ್‌ವ್ಯೂ ತಪ್ಪಬಾರದೆಂದು ಇವರೇ ಗುಟ್ಟಾಗಿ ಸ್ಟೂಲ್ ಹತ್ತಿ ಅದನ್ನು ಇನ್ನೂ ಕಾಲು ಗಂಟೆ ಮುಂದೆ ತಳ್ಳಿದ್ದಾರೆ ಎಂದು ತಿಳಿದೆ. ನನ್ನ ಮನಸ್ಸು ಕರಗಿತು. ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡದ ಗಂಡಸು, ನನಗಾಗಿ ಸ್ಟೂಲ್ ಹತ್ತಿದ್ದಾರಲ್ಲ! ಅವರ ರೊಟ್ಟಿಗೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕಿ ಬೇಗಂ ಬಜಾರಿಗೆ ಕಳಿಸಿದೆ. ಅವರು ಆ ಗಡಿಯಾರವನ್ನು ಮುಟ್ಟಿಯೇ ಇರಲಿಲ್ಲವೆಂದು ಸಂಜೆ ಗೊತ್ತಾಯಿತು. ಇಂಟರ್‌ವ್ಯೂದ ವಿಷಯ ಬಿಡಿ, ಈ ತುಪ್ಪದ ವಿಷಯದಲ್ಲಿ ತಮ್ಮನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ.

ಇನ್ನು ಮೂರನೆಯದು. ನಾನು ಇಳಕಲ್ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ, ಇನ್ನೂ ಹೊತ್ತಿದೆಯೆಂಬ ನೆಮ್ಮದಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಮೊಬೈಲ್ ರಿಂಗಾಯಿತು. ಗುರುತಿಲ್ಲದ ನಂಬರು. ಈ ಊರಿನಲ್ಲಿ ಗುರುತಿಲ್ಲದ ನಂಬರೆಂದರೆ ಶಾದ್‌ನಗರದ ಕಡೆ ಪ್ಲಾಟ್ ಕೊಳ್ಳುತ್ತೀರಾ ಎಂದು ಕೇಳುವವರೇ ಎಂದು ಎಳೆಯ ಕೂಸಿಗೂ ಗೊತ್ತು. ಎತ್ತಿದವಳೇ, ಆಚೆಯವರು ಬಾಯಿ ತೆರೆಯುವ ಮೊದಲೇ, “ಪ್ಲಾಟು ವದ್ದಂಡೀ” ಎಂದು ತೆಲುಗಿನಲ್ಲಿ ಖಡಕ್ಕಾಗಿ ಹೇಳಿ ಕಟ್ ಮಾಡಿದೆ. ಆಮೇಲೆ ಐದು ನಿಮಿಷ ಮೊದಲೇ ಹಾಜರಾಗುವ ಶಿಸ್ತಿನ ಹೆಂಗಸೆಂದು ಬೀಗುತ್ತಾ, ತಮ್ಮೆದುರು ಕುಳಿತು ವಿಡಿಯೋ ಹಚ್ಚಿದೆ.

ಪರದೆಯ ಮೇಲೆ ಮೂಡಿದ್ದು ಸಿಂಧನೂರಿನ ಹೆಣ್ಣುಮಗಳು ಶೈಲಶ್ರೀ, ಆಸ್ಪತ್ರೆಯ ಸಿಬ್ಬಂದಿ ವಿಭಾಗದವಳು. ನನ್ನನ್ನು ಮೇಲೆ ಕೆಳಗೆ ನೋಡಿ, “ಸುವರ್ಣಾ ಅಂದ್ರ ನೀವಽ ಏನ್ರಿ? ಪ್ಲಾಟ್ ಬ್ಯಾಡ ಅಂದವ್ರು?” ಎಂದಳು.

ಮಾನ್ಯರೇ, ಆ ಕ್ಷಣದಲ್ಲಿ ತಾವು ಅವಳ ಮುಖದ ಕೆಳಗೇ, ಬಲಮೂಲೆಯಲ್ಲಿ, ಹನ್ನೊಂದು ಹತ್ತೆಂದು ತೋರಿಸುತ್ತಾ, ಎಂಥ ಪ್ರಸನ್ನತೆಯಿಂದ ಹೊಳೆಯುತ್ತಿದ್ದಿರಿ! ನನ್ನ ಹೊತ್ತು ಮುಗಿದು, ಮುಂದಿನವರ ಇಂಟರ್‌ವ್ಯೂ ನಡೆಯುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಡಾಕ್ಟರರು ಒಪ್ಪಿದರೆ ನೋಡೋಣವೆಂದು ನನ್ನನ್ನು ಕಾಯಲು ಹೇಳಿದಳು. ಕಾಯುತ್ತಾ ನಾನು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ. ಕ್ಯಾಮೆರಾ ಹಚ್ಚಿಯೇ ಇತ್ತೆಂದು ಆಮೇಲೆ ತಿಳಿಯಿತು.

ಡಾಕ್ಟರರು ಬಂದರು. ಅವರು ತೆಲುಗಿನವರು, ನಗು ಕಡಿಮೆ. ನೀನೇ ಹೊತ್ತಿಗೆ ಬರದವಳು ರೋಗಿಗಳನ್ನು ಹೊತ್ತಿಗೆ ಹೇಗೆ ತರುತ್ತೀಯಮ್ಮಾ ಎಂದು ಕೇಳಿದರು. ಮುಚ್ಚಿಟ್ಟು ಪ್ರಯೋಜನವೇನು? ರಾಯಚೂರಿನ ಅಜ್ಜಿ, ಹಾಲಿನ ಗಡಿಯಾರ, ನೇಪಾಳ, ಟಿಕಳಿ, ಕೊನೆಗೆ ತುಪ್ಪ, ಎಲ್ಲವನ್ನೂ ನನಗೆ ಬಂದ ತೆಲುಗಿನಲ್ಲಿ ಹೇಳಿದೆ. ಶೈಲಶ್ರೀ ತನ್ನ ಮೈಕು ಬಂದ್ ಮಾಡಿಕೊಂಡಳು, ಭುಜ ಮಾತ್ರ ಕುಲುಕುತ್ತಿತ್ತು. ಡಾಕ್ಟರರು ನಗಲಿಲ್ಲ. ಸರಿ, ರೋಗಿ ಒಂಬತ್ತಕ್ಕೆ ನನ್ನ ಮುಂದಿರಬೇಕು, ನೀನು ಅವರಿಗೆ ಎಷ್ಟಕ್ಕೆ ಬರಲು ಹೇಳುತ್ತೀ, ಕನ್ನಡದಲ್ಲೇ ಹೇಳು, ಈಕೆ ನನಗೆ ತಿಳಿಸುತ್ತಾಳೆ ಎಂದರು.

ನಾನು ಯೋಚಿಸಲೇ ಇಲ್ಲ. “ಅದು ರೋಗಿ ಮ್ಯಾಲ ಐತ್ರಿ ಸಾಹೇಬ್ರ. ನಮ್ಮ ಮನಿಯವ್ರಂಥ ನಿಶ್ಚಿಂತಿ ಮನಶ್ಯಾ ಆದ್ರ ಎಂಟೂವರಿಗೆ ಬರ್ರಿ ಅಂತೀನಿ, ಒಂಬತ್ತಕ್ಕ ಬರ್ತಾರ. ಆದ್ರ ಆ ರಾಯಚೂರಿನ ಅಜ್ಜಿಯಂಥಾಕಿ ಇದ್ಲಂದ್ರ ಒಂಬತ್ತಕ್ಕಽ ಬಾ ಅಂತೀನ್ರಿ. ಆಕಿಗೆ ಎಂಟೂವರಿ ಅಂದ್ರ ಬೆಳಕ ಹರಿಯೂದ್ರಾಗ ಬಂದು ಉಪಾಸ ಕುಂದರ್ತಾಳ. ಅಂಜಿದವ್ರಿಗೆ ಖರೇ ಟೈಮ್ ಹೇಳಬೇಕ್ರಿ.”

ಶೈಲಶ್ರೀ ಅದನ್ನು ತೆಲುಗಿಗೆ ತಿರುಗಿಸಿದಳು. ಡಾಕ್ಟರರು ಆಗಲೂ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ನಿನ್ನೆ ಫೋನ್ ಬಂತು. ಈ ಸಲ ಪ್ಲಾಟ್ ಬೇಡವೆನ್ನದೆ ಪೂರ್ತಿ ಕೇಳಿಸಿಕೊಂಡೆ. ಮೂರು ತಿಂಗಳ ಮಟ್ಟಿಗೆ ನೋಡುತ್ತಾರಂತೆ. ಸೋಮವಾರ ಬಂದು ಸೇರಿಕೊಳ್ಳಬೇಕು.

ಈ ಕೆಲಸ ತಮ್ಮಿಂದಲೇ ಸಿಕ್ಕಿತೆಂದು ತಾವು ಕಂಪನಿಯ ಮುಂದೆ ಕೊಚ್ಚಿಕೊಳ್ಳಬಾರದೆಂದೇ ಈ ಪತ್ರ. ತಾವು ತಪ್ಪಾಗಿದ್ದುದಕ್ಕೆ ನನ್ನ ತಕರಾರಿಲ್ಲ. ತಪ್ಪಾದವರನ್ನು ನಮ್ಮ ಮನೆಯಲ್ಲಿ ಹೊಟ್ಟೆಗೆ ಹಾಕಿಕೊಂಡು, ಕಳೆದು, ಬಾಳುತ್ತೇವೆ. ಹಾಲಿನ ಗಡಿಯಾರವನ್ನು ನೋಡಿ ಕಲಿಯಿರಿ. ಅದು ಗೃಹಪ್ರವೇಶದ ದಿನದಿಂದ ಒಂದೇ ಅಳತೆಯಲ್ಲಿ, ನಿಯತ್ತಿನಿಂದ ತಪ್ಪಾಗಿದೆ. ಆದ್ದರಿಂದ ತಮ್ಮಲ್ಲಿ ವಿನಮ್ರ ಕೋರಿಕೆ: ಮುಂದೆ ತಾವು ಕಾಠ್ಮಂಡುವಿಗಾಗಲಿ, ಕೈಲಾಸಕ್ಕಾಗಲಿ ಧಾರಾಳವಾಗಿ ಹೋಗಿ ಬನ್ನಿ, ಬರುವಾಗ ಪ್ರಸಾದ ತನ್ನಿ. ಆದರೆ ಸರಿಯಾಗಬೇಕೆಂಬ ಮನಸ್ಸಾದರೆ ಒಂದು ದಿನ ಮುಂಚಿತವಾಗಿ ಬಾಗಿಲು ಬಡಿದು ತಿಳಿಸಿ. ಇವರಿಂದ ಒಂದು ಸಲ ನಿಜವಾಗಿಯೂ ಸ್ಟೂಲ್ ಹತ್ತಿಸುವ ಅಪ್‌ಡೇಟ್ ಏನಾದರೂ ತಮ್ಮಲ್ಲಿದ್ದರೆ ಅದನ್ನೂ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಇಂತು, ಇಷ್ಟಾದರೂ ತಮ್ಮ ಧೂಳು ಒರೆಸುವುದನ್ನು ಬಿಡದ,
ತಮ್ಮ ವಿಶ್ವಾಸಿ,
ಸುವರ್ಣಾ ವೈಜನಾಥ

ವಿ.ಸೂ.: ಸೋಮವಾರ ಒಂಬತ್ತಕ್ಕೆ ಬನ್ನಿ ಎಂದು ಹೇಳಿದ್ದಾರೆ. ಡಾಕ್ಟರರು ನನ್ನನ್ನು ನಿಶ್ಚಿಂತೆಯವಳೆಂದು ತಿಳಿದು ಹೇಳಿದರೋ, ಅಂಜಿದವಳೆಂದು ತಿಳಿದು ಹೇಳಿದರೋ ಗೊತ್ತಾಗುತ್ತಿಲ್ಲ. ತಮ್ಮನ್ನು ಕೇಳುವುದಿಲ್ಲ. ಟಿಕಳಿಯನ್ನು ತಮ್ಮ ಮೂಲೆಯಿಂದ ಕಿತ್ತು ಹಣೆಗೆ ಇಟ್ಟುಕೊಂಡಿದ್ದೇನೆ. ಎಂಟಕ್ಕೇ ಹೋಗಿ ಆ ಅಜ್ಜಿ ಕುಳಿತಿದ್ದ ಬೆಂಚಿನ ಮೇಲೆ ಕುಳಿತಿರುತ್ತೇನೆ.