ಬೆಳ್ಳಿ ಎಲೆಯ ಡೇಸಿಯೂ ನನ್ನ ತೋಟಗಾರಿಕೆಯೂ

ನಾನು ಮಣ್ಣಿಗೆ ಕೈ ಹಾಕಿದರೆ ಏನಾದರೊಂದು ಆಗಿಯೇ ಆಗುತ್ತದೆ. ಐರ್ಲೆಂಡಿನ ಸ್ವೋರ್ಡ್ಸ್‌ನ ನಮ್ಮ ಮನೆ ಹಿಂದೆ ಕಲ್ಲು ಜೋಡಿಸಿ, ಸಂದಿಗಳಲ್ಲಿ ಬೆಟ್ಟದ ಗಿಡ ಬೆಳೆಸುವ ಹುಚ್ಚು ಹತ್ತಿದ ಮೇಲಂತೂ ಕೇಳಲೇಬೇಡಿ.

ಕಳೆ

ನ್ಯೂಜಿಲೆಂಡಿನ ಬೆಟ್ಟದ ಡೇಸಿ ಗಿಡವೊಂದನ್ನು ತಂದೆ. ಎಲೆಗಳು ಬೆಳ್ಳಿ ರೇಕು ಸುತ್ತಿದ ಹಾಗೆ. ಬೆಳಗಿನಿಂದ ಹುಲ್ಲುಹಾಸಿನ ಡೇಸಿಗಳನ್ನೆಲ್ಲ ಕಳೆ ಅಂತ ಕಿತ್ತು ರಾಶಿ ಹಾಕಿ, ಬೆನ್ನು ಹಿಡಿದುಕೊಂಡೇ ಇದನ್ನು ನೆಟ್ಟೆ. ಇಲ್ಲೇ ಹುಟ್ಟಿ ಬೆಳೆದು, ಚೆನ್ನಾಗಿದೆ ಅನ್ನೋದಕ್ಕೆಲ್ಲ ಐರಿಷರ ಹಾಗೆ 'ಗ್ರ್ಯಾಂಡ್' ಅನ್ನುವ ಮಗಳು ಬಂದಳು.

"ವಾಟ್ ಈಸ್ ಇಟ್, ಡ್ಯಾಡ್?"

"ಡೇಸಿ."

ಕಿತ್ತ ರಾಶಿ ನೋಡಿದಳು, ನನ್ನನ್ನು ನೋಡಿದಳು. "ಆರ್ ಯು ಗ್ರ್ಯಾಂಡ್, ಡ್ಯಾಡ್?"

ಬೂದಿ ರೋಗ

ಬೇಸಿಗೆಗೆ ಮೈಸೂರಿನಿಂದ ಅತ್ತೆ ಬಂದರು. ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ, ಒದ್ದೆ ಬಟ್ಟೆ ಹಿಡಿದು ಗಿಡದ ಮುಂದೆ ಕೂತಿದ್ದಾರೆ.

"ನಿಮ್ಮ ಗಿಡಕ್ಕೆ ಬೂದಿ ರೋಗ ಬಂದಿತ್ತು. ಒಂದೊಂದೇ ಎಲೆ ಉಜ್ಜಿ ತೆಗೆದೆ."

ಆ ಬೆಳ್ಳಿ ಬಣ್ಣ ಎಲೆ ಮೇಲಿನ ನವಿರಾದ ಕೂದಲು. ಈಗ ಅಷ್ಟೂ ಬಟ್ಟೆಯಲ್ಲಿತ್ತು. ಅತ್ತೆ ಎದುರು ಬಾಯಿ ಬಿಡೋ ಧೈರ್ಯ ನನಗೆಲ್ಲಿ? "ಥ್ಯಾಂಕ್ಸ್ ಅತ್ತೆ" ಅಂದೆ.

"ಆ ಕಡೆ ಗಿಡಕ್ಕೂ ಬಂದಿದೆ. ನಾಳೆ ತೆಗೀತೀನಿ, ನೀವು ಯೋಚನೆ ಮಾಡ್ಬೇಡಿ."

ಕೊಡೆ

ಚಳಿಗಾಲದ ಮಳೆಗೆ ಈ ಗಿಡದ ಬುಡ ಕೊಳೆಯುತ್ತೆ ಅಂತ ಯಾರೋ ಹೆದರಿಸಿದರು. ಐರ್ಲೆಂಡಿನಲ್ಲಿ ಇದ್ದುಕೊಂಡು ಮಳೆಗೆ ಹೆದರಿದರೆ ಆದೀತೇ? ಆದರೂ ಹೆದರಿದೆ. ಒಂದು ಭಾನುವಾರ ಮಳೆ ಹೊಡೆದಾಗ ಓಡಿಹೋಗಿ ಗಿಡಕ್ಕೆ ಕೊಡೆ ಹಿಡಿದು ನಿಂತೆ.

ಪಕ್ಕದ ಮನೆಯ ಐರಿಷ್ ಅಜ್ಜಿ ಕಿಟಕಿಯಿಂದ ಕೂಗಿದರು, "ನೀನೇ ನೆನೀತಿದ್ದೀಯಲ್ಲಪ್ಪ!"

"ಪರವಾಗಿಲ್ಲ, ನಾನು ಕೊಳೆಯಲ್ಲ!"

ಮಾರನೇ ದಿನ ಜ್ವರ ಬಂದು ಮಲಗಿದೆ. ಅಜ್ಜಿ ಸೂಪ್ ತಂದುಕೊಟ್ಟು, ಹೆಂಡತಿಗೆ ಗಂಭೀರವಾಗಿ ಹೇಳಿದರು: "ಇವನ ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡ್ಕೋ."

ಗುಟ್ಟು

ವಸಂತದಲ್ಲಿ ತಂಗಿ ಮದುವೆಗೆ ತುಮಕೂರಿಗೆ ಹೋಗಬೇಕಾಯಿತು. ಗಿಡವನ್ನು ಪಕ್ಕದ ಅಜ್ಜಿಗೆ ಒಪ್ಪಿಸಿ, ಧಾರೆ ಮುಗಿದ ಕೂಡಲೇ ಫೋನ್ ಮಾಡಿದೆ. "ಗ್ರ್ಯಾಂಡ್, ಗ್ರ್ಯಾಂಡ್" ಅಂದರು. ವಾಪಸ್ ಬಂದರೆ ಎಲೆಗಳಿಗೆ ಹೊಸ ಬೆಳ್ಳಿ, ಮೇಲೆ ಅಂಗೈಯಗಲದ ಬಿಳಿ ಹೂಗಳು! ಕಣ್ಣಲ್ಲಿ ನೀರು ಬಂತು. ಏನು ಮಾಡಿದಿರಿ ಅಂತ ಅಜ್ಜಿಯನ್ನು ಕೇಳಿದೆ.

"ಅಯ್ಯೋ, ಮರೆತೇಬಿಟ್ಟಿದ್ದೆ ಕಣಪ್ಪ."

ಅದೇ ವಾರ ನಮ್ಮ ಬಡಾವಣೆಯ ತೋಟಗಳ ಸ್ಪರ್ಧೆ. ತೀರ್ಪುಗಾರರು ಕಲ್ಲಿನ ಪಕ್ಕ ಮಂಡಿಯೂರಿ ಕೂತುಬಿಟ್ಟರು. "ಇಷ್ಟು ಚೆನ್ನಾಗಿ ಬೆಳೆದದ್ದನ್ನ ನಾನು ಎಲ್ಲೂ ನೋಡಿಲ್ಲ. ಏನು ಗುಟ್ಟು?"

ನಾನು ಗಂಟಲು ಸರಿ ಮಾಡಿಕೊಂಡೆ. ಜಲ್ಲಿ, ಇಳಿಜಾರು, ಬಿಸಿಲಿನ ದಿಕ್ಕು ಅಂತ ಶುರು ಮಾಡುವಷ್ಟರಲ್ಲಿ ಹೆಂಡತಿ ಟೀ ತಂದು ಅವರ ಕೈಗಿಟ್ಟಳು.

"ಇವರು ಊರಲ್ಲಿರಲಿಲ್ಲ" ಅಂದಳು.